ಪೆಟ್ಟಿಗೆ ಹೇಳಿದ್ದು 14.36 ಕಿ.ಮೀ., ಗುಂಡಿ ತೋಡೋದು ಎಲ್ಲಿ?

ಕಲಬುರಗಿಯಿಂದ ಜೇವರ್ಗಿಗೆ ಹೋಗುವ ರಸ್ತೆ. ಬೆಳಗಿನ ಏಳು ಗಂಟೆ. ರಾತ್ರಿಯೆಲ್ಲ ಮಳೆ ಸುರಿದಿತ್ತು. ಎರೆ ಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲೂ ಎರಡು ಕಿಲೋ ಆಗಿತ್ತು. ನನ್ನ ಹೆಗಲಿಗೆ ಒಂದು ಪೆಟ್ಟಿಗೆ ನೇತಾಡುತ್ತಿತ್ತು. ಹಳೆ ಕಾಲದ ರೇಡಿಯೋದಷ್ಟು ದೊಡ್ಡದು, ಮುಂದೆ ಒಂದು ಪರದೆ. ನಸುಕಿನಲ್ಲೇ ಕಲಬುರಗಿಯ ಕೋಣೆಯಲ್ಲಿ ಅದನ್ನು ಇಂಟರ್ನೆಟ್ ಕೇಬಲ್ಲಿಗೆ ಹಚ್ಚಿ ನೋಡಿದ್ದೆವು. ಫೈಬರ್ ತುಂಡಾಗಿದೆ, 14.36 ಕಿ.ಮೀ. ದೂರದಲ್ಲಿ ಅಂತ ತೋರಿಸಿತ್ತು. ಬೈಕಿನ ಮೀಟರ್ ನೋಡುತ್ತ ಅಷ್ಟೇ ದೂರ ಬಂದು ನಿಂತೆವು. ಅಲ್ಲಿ ಏನೂ ಇರಲಿಲ್ಲ. ಈ ಕಡೆ ರಸ್ತೆ, ಆ ಕಡೆ ತೊಗರಿ ಹೊಲ. ಯಾರೂ ಮಣ್ಣು ಕೆದರಿದ ಗುರುತೂ ಇಲ್ಲ.

ಹೊಲದ ಬದುವಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಕೇಳಿದರು: ‘ಏನ್ ಹುಡುಕ್ಲಿಕ್ಕತ್ತೀರಿ ತಮ್ಮಾ?’

‘ಫೈಬರ್ ವೈರ್ ಕಟ್ ಆಗೇದ್ರಿ ಕಾಕಾ.’

‘ಎಲ್ಲಿ ಕಟ್ ಆಗೇದ ಅಂತ ಆ ಡಬ್ಬಿ ಹೇಳ್ತದೇನು?’

‘ಹೇಳ್ತದ್ರಿ. ಇಲ್ಲೇ ಅಂತ ಹೇಳ್ಯದ.’

ಕಾಕಾ ಒಂದು ಸಲ ಆಚೆ, ಒಂದು ಸಲ ಈಚೆ ನೋಡಿದರು. ‘ಇಲ್ಲಿ ಏನೂ ಇಲ್ಲಲ್ಲಪಾ.’

ಕೋಣೆಯಲ್ಲಿ ಕೂತು 14 ಕಿಲೋಮೀಟರ್ ಆಚೆಯ ತುಂಡನ್ನು ಈ ಡಬ್ಬಿ ಹೇಗೆ ಕಂಡುಹಿಡಿಯುತ್ತದೆ? ಕಂಡುಹಿಡಿದ ಮೇಲೂ ನಾವು ಯಾಕೆ ತಪ್ಪು ಜಾಗದಲ್ಲಿ ನಿಂತಿದ್ದೆವು? ಸುಳ್ಳು ಹೇಳಬಾರದು, ಡಬ್ಬಿಯ ತಪ್ಪು ಅದರಲ್ಲಿ ಏನೂ ಇರಲಿಲ್ಲ.

ಕೂದಲಿನಂಥ ಗಾಜು

ಮೊದಲು ಕೇಬಲ್ ಒಳಗೆ ಏನಿದೆ ನೋಡೋಣ. ಹೊರಗೆ ಕಪ್ಪು ಪ್ಲಾಸ್ಟಿಕ್ ಸಿಪ್ಪೆ. ಅದರೊಳಗೆ ಸಣ್ಣ ಕೊಳವೆಗಳು. ಕೊಳವೆಯೊಳಗೆ ಬಣ್ಣಬಣ್ಣದ ಎಳೆಗಳು. ನಾವು ಒಂದೊಂದು ಎಳೆಗೂ ಕೋರ್ ಅಂತೀವಿ. 24 ಕೋರ್, 48 ಕೋರ್ ಹೀಗೆ. ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ತಿಳಿ ನೀಲಿ. ಈ 12 ಬಣ್ಣಗಳ ಸಾಲು ಬಾಯಿಪಾಠ ಆಗಿರಬೇಕು. ಜಾಯಿಂಟ್ ಮಾಡುವ ಹುಡುಗರು ಮಗ್ಗಿ ಮರೆತಾರು, ಇದನ್ನು ಮರೆಯಲ್ಲ.

ಬಣ್ಣದ ಲೇಪ ತೆಗೆದರೆ ಒಳಗಿರೋದು ಬರೀ ಗಾಜು. ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಪಾಲು. ಅಷ್ಟು ಗಾಜಿನಲ್ಲೂ ಬೆಳಕು ಓಡೋದು ನಡುವಿನ ಸುಮಾರು 9 ಮೈಕ್ರಾನ್ ಜಾಗದಲ್ಲಿ ಮಾತ್ರ. ಆ ಬೆಳಕು ಕಣ್ಣಿಗೆ ಕಾಣಲ್ಲ. 1310 ಅಥವಾ 1550 ನ್ಯಾನೊಮೀಟರ್ ಅಲೆಯುದ್ದದ್ದು, ಕೆಂಪು ಬಣ್ಣಕ್ಕಿಂತ ಎಷ್ಟೋ ಆಚೆ. ಕಾಣಲ್ಲ ಅಂತ ತುದಿಯನ್ನು ಕಣ್ಣಿನ ಮುಂದೆ ಹಿಡಿದು ನೋಡುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಕಾಣದ ಬೆಳಕೂ ಕಣ್ಣು ಸುಡಬಹುದು.

ಗಾಜಿನಲ್ಲಿ ಬೆಳಕು ಹೋಗುತ್ತ ಹೋಗುತ್ತ ಸವೆಯುತ್ತದೆ. 1310ರಲ್ಲಿ ಕಿಲೋಮೀಟರಿಗೆ ಸುಮಾರು 0.35 ಡಿಬಿ, 1550ರಲ್ಲಿ ಸುಮಾರು 0.2 ಡಿಬಿ. ಈ ಡಿಬಿ (ಡೆಸಿಬೆಲ್) ಅಂದ ಕೂಡಲೇ ಜನ ಹೆದರುತ್ತಾರೆ. ಹೆದರುವಂಥದ್ದು ಏನಿಲ್ಲ. 3 ಡಿಬಿ ಹೋಯಿತು ಅಂದರೆ ಅರ್ಧ ಉಳಿಯಿತು. 10 ಡಿಬಿ ಹೋದರೆ ಹತ್ತನೇ ಒಂದು ಪಾಲು ಉಳಿಯಿತು. 20 ಹೋದರೆ ನೂರರಲ್ಲಿ ಒಂದು. ಇದರ ಲಾಭ ಏನಂದರೆ, ಗುಣಾಕಾರದ ಗೋಜಿಲ್ಲದೆ ಸುಮ್ನೆ ಕೂಡುತ್ತ ಹೋಗಬಹುದು. 1550ರಲ್ಲಿ 15 ಕಿ.ಮೀ. ಹೋದರೆ 15 ಸಲ 0.2, ಅಂದರೆ 3 ಡಿಬಿ. 15 ಕಿಲೋಮೀಟರ್ ಗಾಜು ದಾಟಿದ ಮೇಲೂ ಅರ್ಧ ಬೆಳಕು ಕೈಯಲ್ಲಿದೆ!

ಇದು ಎಂಥ ಸಾಧನೆ ಅಂತ ತಿಳಿಯಬೇಕಾದರೆ 1966ಕ್ಕೆ ಹೋಗಬೇಕು. ಆಗಿನ ಗಾಜಿನಲ್ಲಿ ಕಿಲೋಮೀಟರಿಗೆ 1,000 ಡಿಬಿ ಹೋಗುತ್ತಿತ್ತು. ಗಾಜಿನ ಕಲ್ಮಶ ತೆಗೆದು ಅದನ್ನು 20ಕ್ಕೆ ಇಳಿಸಿದರೆ ಫೋನ್ ಮಾತು ಬೆಳಕಿನಲ್ಲಿ ಕಳಿಸಬಹುದು ಅಂತ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕಮ್ ಲೆಕ್ಕ ಹಾಕಿ ತೋರಿಸಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಅಂಥ ಗಾಜು ತೆಗೆದೇಬಿಟ್ಟಿತು. ಕಾವ್ ಅವರಿಗೆ 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಈಗ ಅದೇ ಗಾಜು ಗ್ರಾಮ ಪಂಚಾಯಿತಿ ಕಟ್ಟೆವರೆಗೂ ಬಂದಿದೆ.

ಎಷ್ಟು ಬಂತು ಅಂತ ಹೇಳುವ ಮೀಟರ್

ದೊಡ್ಡ ಡಬ್ಬಿಗೆ ಹೋಗುವ ಮೊದಲು ಕಿಸೆಯಲ್ಲಿ ಹಿಡಿಯುವ ಎರಡು ಸಾಮಾನು.

ಒಂದು, ಪವರ್ ಮೀಟರ್. ಮನೆಗೆ ಇಂಟರ್ನೆಟ್ ರಿಪೇರಿಗೆ ಬರುವ ಹುಡುಗ ವೈರ್ ಕಿತ್ತು ಒಂದು ಚಿಕ್ಕ ಯಂತ್ರಕ್ಕೆ ಚುಚ್ಚಿ ‘ಮೈನಸ್ ಇಪ್ಪತ್ತು ಅದ’ ಅಂತಾನಲ್ಲ, ಅದೇ. ಒಂದು ಮಿಲಿವ್ಯಾಟ್ ಬೆಳಕಿಗೆ 0 ಡಿಬಿಎಂ ಅಂತ ಹೆಸರಿಟ್ಟುಕೊಂಡಿದ್ದಾರೆ. ಅದಕ್ಕಿಂತ ಕಡಿಮೆ ಆದರೆ ಮೈನಸ್. ಮೈನಸ್ ಅಂದ ಮಾತ್ರಕ್ಕೆ ಬೆಳಕು ಸಾಲ ಆಯಿತು ಅಂತಲ್ಲ.

ಮನೆ ಲೈನಿನ ಲೆಕ್ಕ ಹೀಗಿರುತ್ತದೆ. ಆಫೀಸಿನಿಂದ 3 ಡಿಬಿಎಂ ಹೊರಟಿತು ಅನ್ನಿ. ದಾರಿಯಲ್ಲಿ ಒಂದು ಎಳೆಯನ್ನು 32 ಮನೆಗೆ ಹಂಚುವ ಸ್ಪ್ಲಿಟರ್ ಇದೆ. ಹಂಚಿದ ಮೇಲೆ ಪಾಲು ಕಡಿಮೆ ಆಗಲೇಬೇಕಲ್ಲ, ಅಲ್ಲೇ ಸುಮಾರು 17 ಡಿಬಿ ಖರ್ಚು. ಐದಾರು ಕಿ.ಮೀ. ಗಾಜಿಗೆ ಒಂದೂವರೆ. ಜಾಯಿಂಟು, ಕನೆಕ್ಟರು (ಎಳೆಯ ತುದಿಯ ಪ್ಲಗ್ಗು) ಎಲ್ಲ ಸೇರಿ ಎರಡೂವರೆ. ಮನೆಗೆ ಬಂದು ಮುಟ್ಟೋದು ಮೈನಸ್ 18. ಮನೆಯ ಇಂಟರ್ನೆಟ್ ಡಬ್ಬಿ ಸಾಮಾನ್ಯವಾಗಿ ಮೈನಸ್ 27ರವರೆಗೂ ಓದಬಲ್ಲದು. ಅದು ಒಂದು ಮಿಲಿವ್ಯಾಟಿನ 500ರಲ್ಲಿ ಒಂದು ಪಾಲು. ಅದಕ್ಕಿಂತ ಕೆಳಗೆ ಹೋದರೆ ಎಲ್‌ಒಎಸ್ ಅಂತ ಬರೆದ ಕೆಂಪು ದೀಪ ಮಿಣುಕಲು ಶುರು.

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಬಟ್ಟೆ ಅಂಗಡಿ. ದಿನಾ ರಾತ್ರಿ ಕೆಂಪು ದೀಪ, ದಿನಾ ಬೆಳಗ್ಗೆ ಸರಿ. ‘ರಾತ್ರಿ ನಿಮ್ಮವರೇ ಬಂದ್ ಮಾಡ್ತಾರ’ ಅಂತ ಮಾಲೀಕರ ಜಗಳ. ಒಂದು ರಾತ್ರಿ ಹೋಗಿ ಮೀಟರ್ ಇಟ್ಟೆ. ಮೈನಸ್ 31. ಆಮೇಲೆ ಎರಡನೇ ಸಾಮಾನು ತೆಗೆದೆ. ಪೆನ್ನಿನಂಥ ಕೆಂಪು ಲೇಸರ್. 650 ನ್ಯಾನೊಮೀಟರ್ ಅಲೆಯುದ್ದ, ಅಂದರೆ ಕಣ್ಣಿಗೆ ಕಾಣುವ ಕೆಂಪು. ಅದನ್ನು ಫೈಬರಿಗೆ ಬಿಟ್ಟರೆ ಗಾಜು ಒಡೆದ ಕಡೆ, ಜಾಸ್ತಿ ಬಾಗಿದ ಕಡೆ ಬೆಳಕು ಹೊರಗೆ ಸೋರುತ್ತದೆ. ಶಟರ್ ಕೆಳಗೆ ವೈರ್ ಹಾದುಹೋದ ಜಾಗದಲ್ಲಿ ಕೆಂಡದಂತೆ ಹೊಳೆಯಿತು. ಅಂಗಡಿ ಮುಚ್ಚಿದಾಗೆಲ್ಲ ಶಟರ್ ವೈರನ್ನು ಮಡಚುತ್ತಿತ್ತು. ವೈರ್ ಮೇಲೆ ಎತ್ತಿ ಗೋಡೆಗೆ ಹೊಡೆದೆವು. ಮೈನಸ್ 19. ಬೆಳಕು ಗಾಜಿನೊಳಗೆ ನಿಲ್ಲೋದು ದಾರಿ ಸುಮಾರಾಗಿ ನೆಟ್ಟಗಿದ್ದಾಗ. ಬಳೆಯಷ್ಟು ಸುತ್ತು ಹಾಕಿದರೆ ಪರವಾಗಿಲ್ಲ, ಬೆರಳಿಗೆ ಸುತ್ತಿದರೆ ಚೆಲ್ಲಿಹೋಗುತ್ತದೆ.

ಇನ್ನೊಂದು ಮಾತು. ಅರ್ಧಕ್ಕರ್ಧ ದೂರುಗಳಿಗೆ ಕಾರಣ ಕೊಳಕು ಕನೆಕ್ಟರ್ ಅಂತ ನನ್ನ ಅಂದಾಜು. ಬೆಳಕಿನ ದಾರಿಯೇ 9 ಮೈಕ್ರಾನ್ ಇರುವಾಗ ಒಂದು ಧೂಳಿನ ಕಣ ಬಾಗಿಲು ಮುಚ್ಚಿದ ಹಾಗೆ. ಶಹಾಬಾದಿನ ಕಲ್ಲಿನ ಗಣಿ, ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆ ಇರುವ ನಮ್ಮ ಸೀಮೆಯಲ್ಲಿ ಧೂಳಿಗೇನು ಬರ? ಕೆಲವರು ಕನೆಕ್ಟರನ್ನು ಅಂಗಿಯ ತುದಿಯಿಂದ ಒರೆಸುತ್ತಾರೆ. ಧೂಳು ಹೋಗಿ ಬೆವರಿನ ಜಿಡ್ಡು ಕೂರುತ್ತದೆ. ಎಳೆ ಬಿಡದ ಬಟ್ಟೆ, ಐಸೊಪ್ರೊಪೈಲ್ ಸ್ಪಿರಿಟ್ ಬೇಕು. ಹಸಿರು ಕನೆಕ್ಟರಿಗೆ ಹಸಿರನ್ನೇ ಹಾಕಬೇಕು, ನೀಲಿಗೆ ನೀಲಿ. ಹಸಿರಿನದು ತುದಿ 8 ಡಿಗ್ರಿ ಓರೆಯಾಗಿ ಉಜ್ಜಿದ್ದು, ನೀಲಿಯದು ಓರೆ ಇಲ್ಲದ್ದು. ಬೆರಕೆ ಮಾಡಿದರೆ ನಡುವೆ ಸಂದಿ ಉಳಿಯುತ್ತದೆ.

ಪವರ್ ಮೀಟರ್ ಎಷ್ಟು ಬಂತು ಅಂತ ಹೇಳುತ್ತದೆ. ಎಲ್ಲಿ ಹೋಯಿತು ಅಂತ ಹೇಳಲ್ಲ. ಕೆಂಪು ಪೆನ್ನು ಎಲ್ಲಿ ಅಂತ ತೋರಿಸುತ್ತದೆ, ಆದರೆ ಕೆಲವೇ ಕಿ.ಮೀ.ವರೆಗೆ, ಅದೂ ವೈರ್ ಕಣ್ಣಿಗೆ ಬಿದ್ದರೆ. ಮಣ್ಣಿನೊಳಗಿನ ಕಪ್ಪು ಕೇಬಲ್ಲಿಗೆ ಅದರ ಆಟ ನಡೆಯಲ್ಲ.

ಧೂಳಿನಲ್ಲಿ ಹೆಡ್‌ಲೈಟ್

ಈಗ ದೊಡ್ಡ ಡಬ್ಬಿ. ಹೆಸರು ಓಟಿಡಿಆರ್. ಬಾರ್ನೋಸ್ಕಿ ಮತ್ತು ಜೆನ್ಸನ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು 1976ರಲ್ಲಿ ಇದರ ಉಪಾಯ ಪ್ರಕಟಿಸಿದರು. ಉಪಾಯ ಸರಳ. ಒಂದೇ ತುದಿಯಲ್ಲಿ ಕೂತು ಬೆಳಕಿನ ಒಂದು ಚಿಕ್ಕ ತುಣುಕು ಒಳಗೆ ಬಿಡು. ವಾಪಸು ಏನು ಬರುತ್ತದೋ ಅದನ್ನು ಸಮಯದ ಲೆಕ್ಕದಲ್ಲಿ ಬರೆದಿಡು.

ವಾಪಸು ಯಾಕೆ ಬರುತ್ತದೆ ಅನ್ನೋದೇ ಸ್ವಾರಸ್ಯ. ರಾತ್ರಿ ಹೊತ್ತು ಕಲ್ಲಿನ ಗಣಿ ರಸ್ತೆಯಲ್ಲಿ ಲಾರಿ ಓಡಿಸಿದವರಿಗೆ ಗೊತ್ತು. ಧೂಳು ಎದ್ದಾಗ ಹೆಡ್‌ಲೈಟ್ ಬೆಳಕು ಕಂಬದಂತೆ ಕಾಣುತ್ತದೆ. ಗಾಳಿ ಸ್ವಚ್ಛ ಇದ್ದರೆ ಆ ಕಂಬ ಕಾಣಲ್ಲ. ಧೂಳಿನ ಒಂದೊಂದು ಕಣವೂ ಸ್ವಲ್ಪ ಬೆಳಕನ್ನು ಡ್ರೈವರ್ ಕಡೆಗೇ ತಿರುಗಿಸಿ ಕಳಿಸುತ್ತದೆ. ಗಾಜಿನಲ್ಲಿ ಧೂಳಿಲ್ಲ. ಆದರೆ ಕರಗಿದ ಗಾಜು ತಣ್ಣಗಾಗುವಾಗ ಒಳಗೆ ಅತಿ ಸಣ್ಣ ಏರುಪೇರು ಉಳಿದುಬಿಡುತ್ತದೆ. ಒಂದು ಕಡೆ ಒಂದಿಷ್ಟು ದಟ್ಟ, ಪಕ್ಕದಲ್ಲಿ ಒಂದಿಷ್ಟು ತೆಳು. ಬೆಳಕು ಅವುಗಳಿಗೆ ತಾಗಿ ಎಲ್ಲ ದಿಕ್ಕಿಗೂ ಚದುರುತ್ತದೆ. ಅದರಲ್ಲಿ ಚೂರು ಹಿಂದಕ್ಕೂ ಬರುತ್ತದೆ. ಇದಕ್ಕೆ ರೇಲೀ ಚದುರುವಿಕೆ ಅಂತ ಹೆಸರು. ನಮ್ಮ ತಲೆಯ ಮೇಲಿನ ಆಕಾಶ ನೀಲಿ ಕಾಣೋದೂ ಇದೇ ರೀತಿಯ ಚದುರುವಿಕೆಯಿಂದ. ಗಾಜಿನಲ್ಲಿ ಬೆಳಕು ಸವೆಯುವುದಕ್ಕೆ ದೊಡ್ಡ ಕಾರಣ ಕೂಡ ಇದೇ. ಯಾವುದರಿಂದ ನಷ್ಟವೋ ಅದರಿಂದಲೇ ನಷ್ಟ ಅಳೆಯೋದು!

ಹಿಂದಕ್ಕೆ ಬರುವುದು ಬಲು ಕಡಿಮೆ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು, ಅಂದರೆ ಒಂದು ಮೈಕ್ರೊಸೆಕೆಂಡ್ ಉದ್ದದ ಬೆಳಕು ಬಿಟ್ಟರೆ ಲಕ್ಷಕ್ಕೆ ಒಂದು ಪಾಲಿಗೂ ಕಡಿಮೆ. ಅದಕ್ಕೇ ಡಬ್ಬಿ ಒಂದು ಸಲ ಬಿಟ್ಟು ಸುಮ್ಮನಾಗಲ್ಲ. ಸಾವಿರಗಟ್ಟಲೆ ಸಲ ಬಿಟ್ಟು ಎಲ್ಲದರ ಸರಾಸರಿ ತೆಗೆಯುತ್ತದೆ. ಗದ್ದಲ ಅರ್ಧಕ್ಕೆ ಇಳಿಯಬೇಕಾದರೆ ನಾಲ್ಕು ಪಟ್ಟು ಸಲ ಬಿಡಬೇಕು. ಅವಸರದವರು ಹತ್ತು ಸೆಕೆಂಡಿಗೆ ನಿಲ್ಲಿಸಿ ಗೆರೆ ನಡುಗುತ್ತಿದೆ ಅಂತ ಡಬ್ಬಿಯನ್ನು ಬೈಯುತ್ತಾರೆ.

ದೂರದ ಲೆಕ್ಕ ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾದ ಹಾಗೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷದ 4 ಸಾವಿರ ಕಿ.ಮೀ. ಬಯಲಿನ ವೇಗವನ್ನು 1.468ರಿಂದ ಭಾಗಿಸಿದರೆ ಇದು ಸಿಗುತ್ತದೆ. ಹೋಗಿ ಬರಲು ಒಂದು ಕಿಲೋಮೀಟರಿಗೆ ಸುಮಾರು 10 ಮೈಕ್ರೊಸೆಕೆಂಡ್. ನಮ್ಮ ತುಂಡಿನಿಂದ ಬೆಳಕು ತಿರುಗಿ ಬಂದದ್ದು ಸುಮಾರು 140 ಮೈಕ್ರೊಸೆಕೆಂಡಿಗೆ. ಒಂದು ಸೆಕೆಂಡನ್ನು 7,000 ಚೂರು ಮಾಡಿದರೆ ಅದರಲ್ಲೊಂದು ಚೂರು. ಡಬ್ಬಿಗೆ ಗೊತ್ತಿರೋದು ಸಮಯ ಮಾತ್ರ. ಕಿಲೋಮೀಟರ್ ಅನ್ನೋದು ಅದು ಭಾಗಾಕಾರ ಮಾಡಿ ಹೇಳಿದ್ದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗೆರೆ ಓದೋದು

ಪರದೆ ಮೇಲೆ ಎಡದಿಂದ ಬಲಕ್ಕೆ ಇಳಿಜಾರಾದ ಒಂದು ಗೆರೆ ಬರುತ್ತದೆ. ಅಡ್ಡಕ್ಕೆ ದೂರ, ಉದ್ದಕ್ಕೆ ಡಿಬಿ. ಒಳ್ಳೆ ಗಾಜಾದರೆ ಗೆರೆ ಒಂದೇ ಸಮ ಇಳಿಯುತ್ತದೆ. ಎರಡು ಎಳೆಗಳನ್ನು ಕಿಡಿ ಹಾರಿಸಿ ಬೆಸೆದ ಜಾಯಿಂಟ್ ಬಂದಾಗ ಒಂದು ಸಣ್ಣ ಮೆಟ್ಟಿಲು. ಒಳ್ಳೆ ಕೈಯ ಜಾಯಿಂಟಿನಲ್ಲಿ 0.05 ಡಿಬಿ ಹೋದರೆ ಜಾಸ್ತಿ. ಕೆಲವು ಸಲ ಮೆಟ್ಟಿಲೇ ಕಾಣಲ್ಲ. ಕನೆಕ್ಟರ್ ಬಂದಾಗ ಮೆಟ್ಟಿಲಿನ ಜೊತೆ ಒಂದು ಚೂಪು ಗೋಪುರ ಏಳುತ್ತದೆ. ಯಾಕಂದರೆ ಗಾಜು ಮುಗಿದು ಗಾಳಿ ಶುರುವಾಗುವ ಕಡೆ ಬೆಳಕು ಕನ್ನಡಿಗೆ ಬಡಿದಂತೆ ತಿರುಗುತ್ತದೆ. ನೆಟ್ಟಗೆ ಮುರಿದ ತುದಿಯಿಂದ ನೂರಕ್ಕೆ ಸುಮಾರು 4 ಪಾಲು ವಾಪಸು ಬರುತ್ತದೆ. ಚದುರಿ ಬರುವ ಬೆಳಕಿನ ಮುಂದೆ ಅದು ಸಿಡಿಲು. ಕೊನೆಗೆ ಗೆರೆ ಬಾವಿಗೆ ಬಿದ್ದಂತೆ ಕೆಳಗೆ ಬಿದ್ದು ಗಿಜಿಗಿಜಿ ಆಗುತ್ತದೆ. ಅಲ್ಲಿಂದಾಚೆಗೆ ಏನೂ ಬರುತ್ತಿಲ್ಲ ಅಂತ ಅರ್ಥ.

ತುಂಡಾದ ಕಡೆ ಗೋಪುರ ಏಳಲೇಬೇಕು ಅಂತಿಲ್ಲ. ಜಜ್ಜಿ ಮುರಿದಿದ್ದರೆ, ತುದಿಗೆ ನೀರು, ಎಣ್ಣೆ ಹತ್ತಿದ್ದರೆ ಗೋಪುರ ಇಲ್ಲದೆ ಗೆರೆ ಸುಮ್ನೆ ಬಿದ್ದುಬಿಡುತ್ತದೆ. ಆವತ್ತು ನಮ್ಮ ಗೆರೆ ಬಿದ್ದದ್ದು ಹಾಗೆಯೇ.

ಜಾಯಿಂಟೂ ಮೆಟ್ಟಿಲು, ಬಾಗಿದ ಫೈಬರೂ ಮೆಟ್ಟಿಲು. ಯಾವುದು ಯಾವುದು ಅಂತ ಹೇಗೆ ಗುರುತಿಸೋದು? ಈ ಕೆಲಸದಲ್ಲಿ ನನಗೆ ಜಾಸ್ತಿ ಇಷ್ಟವಾದ ಉಪಾಯ ಇದು. ಒಂದೇ ಎಳೆಯನ್ನು ಎರಡು ಸಲ ಅಳೆಯಬೇಕು, 1310ರಲ್ಲಿ ಒಂದು ಸಲ, 1550ರಲ್ಲಿ ಒಂದು ಸಲ. ಉದ್ದ ಅಲೆಯ ಬೆಳಕನ್ನು ಗಾಜು ಅಷ್ಟು ಬಿಗಿಯಾಗಿ ಹಿಡಿದುಕೊಂಡಿರಲ್ಲ. ತಿರುವಿನಲ್ಲಿ ಅದು ಬೇಗ ಹೊರಗೆ ಚೆಲ್ಲುತ್ತದೆ. ಆದ್ದರಿಂದ ಬಾಗಿದ ಜಾಗದಲ್ಲಿ 1550ರ ಮೆಟ್ಟಿಲು ದೊಡ್ಡದು, 1310ರದು ಚಿಕ್ಕದು. ಜಾಯಿಂಟಾದರೆ ಎರಡೂ ಹೆಚ್ಚುಕಡಿಮೆ ಒಂದೇ. ಎರಡು ಗೆರೆ ಒಂದರ ಮೇಲೊಂದು ಇಟ್ಟು ನೋಡಿದರೆ ಗುಂಡಿ ತೋಡದೆಯೇ ಗೊತ್ತಾಗುತ್ತದೆ: ಯಾರೋ ಜಾಯಿಂಟ್ ಬಾಕ್ಸಿನಲ್ಲಿ ಎಳೆಯನ್ನು ತುರುಕಿ ಮುಚ್ಚಿದ್ದಾರೆ. ಓಡುತ್ತಿರುವ ಲೈನಿನಲ್ಲಿ ಅಳೆಯಬೇಕಾದರೆ 1625 ಅಥವಾ 1650 ಬಳಸುತ್ತಾರೆ, ಜನರ ಇಂಟರ್ನೆಟ್ಟಿಗೆ ಅಡ್ಡಿ ಆಗದಿರಲಿ ಅಂತ. ಅದಕ್ಕೆ ಬೇರೆ ಫಿಲ್ಟರ್ ಇರುವ ಡಬ್ಬಿಯೇ ಬೇಕು.

ಡಬ್ಬಿಗೂ ಕಣ್ಣು ಕೋರೈಸುತ್ತದೆ. ಎದುರಿನ ಲಾರಿ ಹೈ ಬೀಮ್ ಹಾಕಿ ಹೋದ ಮೇಲೆ ಒಂದು ಕ್ಷಣ ರಸ್ತೆ ಕಾಣಲ್ಲ, ಅಲ್ವಾ? ಗೋಪುರ ಎದ್ದ ಮೇಲೆ ಒಂದಿಷ್ಟು ಮೀಟರ್ ಡಬ್ಬಿಗೂ ಏನೂ ಕಾಣಲ್ಲ. ಡೆಡ್ ಝೋನ್ ಅಂತ ಕರೆಯೋದು ಇದಕ್ಕೇ. ಡಬ್ಬಿಯ ಬಾಯಿಯಲ್ಲೇ ಮೊದಲ ಕನೆಕ್ಟರ್ ಇರುವುದರಿಂದ ಲೈನಿನ ಮೊದಲ ಮೀಟರುಗಳು ಯಾವಾಗಲೂ ಕುರುಡು. ಅದಕ್ಕೆ ಕೆಲವು ನೂರು ಮೀಟರ್ ಫೈಬರ್ ಸುತ್ತಿದ ಒಂದು ಉಂಡೆಯನ್ನು ನಡುವೆ ಹಾಕುತ್ತೇವೆ. ಕುರುಡು ಭಾಗ ಆ ಉಂಡೆಯಲ್ಲೇ ಮುಗಿದುಹೋಗಲಿ ಅಂತ. ಉಂಡೆ ಮರೆತು ಬಂದು ಮೊದಲ ಕನೆಕ್ಟರ್ ಕೆಟ್ಟದ್ದು ಗೊತ್ತಾಗದೆ ಇಡೀ ದಿನ ಕಳೆದದ್ದೂ ಉಂಟು.

ಬಿಡುವ ಬೆಳಕಿನ ತುಣುಕು ಎಷ್ಟು ಉದ್ದ ಇರಬೇಕು ಅನ್ನೋದು ಇನ್ನೊಂದು ಜಾಣತನ. ಹೊಲದ ಆ ತುದಿಯಲ್ಲಿ ಇದ್ದವರನ್ನು ಕರೆಯುವಾಗ ಹೆಸರನ್ನು ಎಳೆದು ಎಳೆದು ಕೂಗುತ್ತೇವೆ. ಪಕ್ಕದಲ್ಲಿ ಕೂತವರಿಗೆ ಹಾಗೆ ಕೂಗಲ್ಲ. ಉದ್ದ ತುಣುಕಿನಲ್ಲಿ ಬೆಳಕು ಜಾಸ್ತಿ, ದೂರ ಮುಟ್ಟುತ್ತದೆ. ಆದರೆ ಹತ್ತಿರ ಹತ್ತಿರ ಇರುವ ಎರಡು ತೊಂದರೆ ಬೆರೆತು ಒಂದೇ ಆಗಿ ಕಾಣುತ್ತವೆ. 10 ನ್ಯಾನೊಸೆಕೆಂಡ್ ತುಣುಕಿನಲ್ಲಿ ಒಂದು ಮೀಟರ್ ಅಂತರವೂ ಬಿಡಿಸಿ ಕಾಣಬಹುದು. ಒಂದು ಮೈಕ್ರೊಸೆಕೆಂಡ್ ತುಣುಕಿನಲ್ಲಿ 100 ಮೀಟರ್ ಒಳಗಿನದೆಲ್ಲ ಒಂದೇ ಗುಂಪು.

ನಮ್ಮ ಜೊತೆ ಹೊಸದಾಗಿ ಸೇರಿದ ಹುಡುಗ ಒಂದು ದಿನ ಕುಣಿದಾಡಿದ: ‘ಅಣ್ಣಾ, ಈ ಜಾಯಿಂಟಿನಾಗ ಲೈಟ್ ಜಾಸ್ತಿ ಆಗೇದ ನೋಡ್ರಿ!’ ನಿಜ, ಗೆರೆ ಕೆಳಗಿಳಿಯುವ ಬದಲು ಮೇಲೆ ಹತ್ತಿತ್ತು. ಗಾಜು ಬೆಳಕು ಹುಟ್ಟಿಸಲ್ಲ. ಅಲ್ಲಿಂದಾಚೆಗಿನ ಎಳೆ ಬೇರೆ ತಯಾರಿಯದು, ಸ್ವಲ್ಪ ಜಾಸ್ತಿ ಚದುರಿಸುತ್ತದೆ. ಧೂಳು ಜಾಸ್ತಿ ಇದ್ದ ಕಡೆ ಹೆಡ್‌ಲೈಟ್ ಜಾಸ್ತಿ ಕಂಡಂತೆ. ಆ ತುದಿಯಿಂದ ಅಳೆದರೆ ಅದೇ ಜಾಯಿಂಟು ಇದ್ದದ್ದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಈ ಕಡೆಯಿಂದ 0.1 ಲಾಭ, ಆ ಕಡೆಯಿಂದ 0.3 ನಷ್ಟ ಬಂದರೆ ನಿಜವಾದ ನಷ್ಟ ಎರಡರ ಸರಾಸರಿ, 0.1. ಅದಕ್ಕೇ ಲೈನ್ ಒಪ್ಪಿಸುವಾಗ ಎರಡೂ ತುದಿಯಿಂದ ಅಳೆದು ಕೊಡಬೇಕು. ಇನ್ನು ಕೆಲವೊಮ್ಮೆ ದೆವ್ವವೂ ಕಾಣುತ್ತದೆ. 3 ಕಿ.ಮೀ. ಹತ್ತಿರ ಕೆಟ್ಟ ಕನೆಕ್ಟರ್ ಇದ್ದರೆ ಬೆಳಕು ಡಬ್ಬಿಗೂ ಅದಕ್ಕೂ ನಡುವೆ ಎರಡು ಸಲ ಓಡಾಡಿ 6 ಕಿ.ಮೀ. ಹತ್ತಿರ ಇನ್ನೊಂದು ಗೋಪುರ ತೋರಿಸುತ್ತದೆ. ಸರಿಯಾಗಿ ಎರಡರಷ್ಟು ದೂರದಲ್ಲಿ ಗೋಪುರ ಇದ್ದು, ಅಲ್ಲಿ ಮೆಟ್ಟಿಲೇ ಇಲ್ಲದಿದ್ದರೆ ದೆವ್ವ ಅಂತ ತಿಳಿಯಿರಿ. ಮೊದಲ ಕನೆಕ್ಟರ್ ಒರೆಸಿದರೆ ಬಿಟ್ಟುಹೋಗುತ್ತದೆ.

ಗಾಜಿನ ಉದ್ದ, ರಸ್ತೆಯ ಉದ್ದ

ಈಗ ತೊಗರಿ ಹೊಲಕ್ಕೆ ವಾಪಸು. 14.36 ಅನ್ನೋದು ಗಾಜಿನ ಉದ್ದ, ರಸ್ತೆಯದಲ್ಲ. ಕೇಬಲ್ ಎಳೆದಾಗ ಗಾಜು ತುಂಡಾಗಬಾರದು ಅಂತ ಒಳಗಿನ ಎಳೆಗಳನ್ನು ಜಡೆಯ ಹಾಗೆ ಸುತ್ತಿ ಇಟ್ಟಿರುತ್ತಾರೆ. ಕೇಬಲ್ಲಿಗಿಂತ ಎಳೆ ಉದ್ದ. ನಾವು ನೂರಕ್ಕೆ ಒಂದು ಅಂತ ಹಿಡಿದೆವು, ಅಲ್ಲಿಗೆ 140 ಮೀಟರ್ ಹೋಯಿತು. ಎರಡೆರಡು ಕಿಲೋಮೀಟರಿಗೆ ಒಂದು ಜಾಯಿಂಟ್, ಒಟ್ಟು ಏಳು. ಮುಂದೆ ಬೇಕಾದೀತು ಅಂತ ಪ್ರತಿ ಜಾಯಿಂಟಿನ ಎರಡೂ ಮಗ್ಗುಲಿಗೆ ಹತ್ತು ಹತ್ತು ಮೀಟರ್ ಕೇಬಲ್ ಸುತ್ತಿ ಚೇಂಬರಿನಲ್ಲಿ ಇಟ್ಟಿದ್ದಾರೆ. ಇನ್ನೊಂದು 140. ಸೇತುವೆ, ಮೋರಿ ದಾಟುವ ಕಡೆ ಬಿಟ್ಟ ಸುತ್ತುಗಳು, ಆಫೀಸಿನ ಗೋಡೆ ಹತ್ತಿಳಿದ ಕೇಬಲ್, ಎಲ್ಲ ಸೇರಿ ಮತ್ತೆ 170 ಹತ್ತಿರ. ಅಲ್ಲಿಗೆ ನಾವು 450 ಮೀಟರ್ ಮುಂದೆ ಬಂದು ನಿಂತಿದ್ದೆವು! ಅದರ ಮೇಲೆ ಗಾಜಿನ ಆ 1.468 ಅನ್ನೋ ಅಂಕಿಯನ್ನು ಯಾರಾದರೂ 1.460 ಅಂತ ಕೂಡಿಸಿಟ್ಟಿದ್ದರೆ ಇನ್ನೂ 78 ಮೀಟರ್ ಎಡವಟ್ಟು. ಅದನ್ನು ನೋಡಿಕೊಂಡಿದ್ದೆವು, ಸರಿಯಿತ್ತು.

450 ಕಳೆದು ಹಿಂದೆ ಹೋದರೆ ಆಯಿತಲ್ಲ ಅಂತೀರಿ. ಆ 450ರಲ್ಲಿ ಅರ್ಧ ಅಂದಾಜು. ನೂರು ಮೀಟರ್ ಆಚೀಚೆ ಆದರೂ ಎರೆ ಮಣ್ಣಿನಲ್ಲಿ ನೂರು ಮೀಟರ್ ಅಗೆಯೋದು ಯಾರು? ಕಾಗದದ ಮೇಲೆ ಕೇಬಲ್ 1.65 ಮೀಟರ್ ಆಳ. ಬಂಡೆ ಸಿಕ್ಕ ಕಡೆ ಎಷ್ಟು ಆಳ ಅಂತ ಹಾಕಿದವರಿಗೇ ಗೊತ್ತು.

ನಮ್ಮ ಊರುಗಳಲ್ಲಿ ಯಾರೂ ಮನೆ ವಿಳಾಸವನ್ನು ಊರಿನ ಬಾಗಿಲಿನಿಂದ ಮೀಟರ್ ಲೆಕ್ಕದಲ್ಲಿ ಹೇಳಲ್ಲ. ಹನುಮಪ್ಪನ ಗುಡಿ ದಾಟಿ ಮೂರನೇ ಮನೆ ಅಂತಾರೆ. ಗೆರೆಯನ್ನೂ ಹಾಗೇ ಓದಬೇಕು. ತುಂಡಿಗಿಂತ ಮುಂಚಿನ ಕೊನೆಯ ಮೆಟ್ಟಿಲು ಎಲ್ಲಿದೆ ನೋಡಿದೆವು. 13.98 ಕಿ.ಮೀ. ಅದು ಏಳನೇ ಜಾಯಿಂಟ್. ಅದರ ಚೇಂಬರ್ ನೆಲದ ಮೇಲೆ ಎಲ್ಲಿದೆ ಅಂತ ನಮಗೆ ಗೊತ್ತು, ಒಂದು ಬೇವಿನ ಮರದ ಬುಡದಲ್ಲಿ. 14.36ರಲ್ಲಿ 13.98 ಕಳೆದರೆ 380 ಮೀಟರ್. ಚೇಂಬರಿನ ಹತ್ತು ಮೀಟರ್ ಸುತ್ತು ಬಿಡಿ, 370. ನೂರಕ್ಕೆ ಒಂದು ಬಿಡಿ, ಸುಮಾರು 366. ಹದಿನಾಲ್ಕು ಕಿಲೋಮೀಟರಿನ ತಪ್ಪೆಲ್ಲ ಹಿಂದೆ ಉಳಿಯಿತು. ಈಗ ತಪ್ಪಿದರೂ ನಾಲ್ಕೈದು ಮೀಟರ್ ತಪ್ಪೀತು. ಬೀದರಿನ ನೌಬಾದ್ ಕರೇಜ್ ನೋಡಿದವರಿಗೆ ಇದು ಹೊಸದಲ್ಲ. ಬಹಮನಿ ಕಾಲದ ಆ ನೀರಿನ ಸುರಂಗ ನೆಲದೊಳಗೆ ಎಲ್ಲಿ ಹಾದಿದೆ ಅಂತ ಮೇಲೆ ನಿಂತು ತಿಳಿಯೋದು ಸಾಲಾಗಿ ತೋಡಿದ ಬಾವಿಗಂಡಿಗಳಿಂದ. ನಮ್ಮ ಗಂಡಿಗಳು ಚೇಂಬರುಗಳು, ಅಷ್ಟೇ.

ಬೇವಿನ ಮರದಿಂದ ಟೇಪ್ ಹಿಡಿದು ನಡೆದೆವು. ಕಾಕಾ ಕೂಡ ಬಂದರು. 366 ಆಯಿತು. ಮೂರ್ನಾಲ್ಕು ಮೀಟರ್ ಆಚೆ ಮಣ್ಣು ಮೆತ್ತಗಿತ್ತು, ಮೇಲೆ ಮಳೆ ಬಿದ್ದು ಗುರುತು ಅಳಿಸಿತ್ತು.

‘ಇಲ್ಲೇನು? ಇಲ್ಲಿ ಮೊನ್ನೆ ಪೈಪಿನ ಸಲುವಾಗಿ ಜೆಸಿಬಿ ಹೊಡದಾರಲ್ಲ’ ಅಂದರು ಕಾಕಾ. ‘ನೀವು ವೈರ್ ಅಂದ್ರಿ. ಜೆಸಿಬಿ ಅಂತ ಕೇಳಿದ್ರ ಆಗಲೇ ಹೇಳ್ತಿದ್ದೆ.’

ಅಗೆದೆವು. ಕೇಬಲ್ ಎರಡು ತುಂಡು, ತುದಿ ಜಜ್ಜಿಹೋಗಿತ್ತು. ಜಾಯಿಂಟ್ ಮಾಡುವ ಮೊದಲು ಜೇವರ್ಗಿ ಕಡೆಯ ತುಂಡನ್ನೂ ನೋಡಿಬಿಡೋಣ ಅಂತ ಒಂದೊಂದೇ ಎಳೆಗೆ ತಾತ್ಕಾಲಿಕವಾಗಿ ಪಿಗ್‌ಟೇಲ್ (ಒಂದು ತುದಿಗೆ ಕನೆಕ್ಟರ್ ಇರುವ ತುಂಡು ಫೈಬರ್) ಬೆಸೆದು ಡಬ್ಬಿಗೆ ಹಚ್ಚಿದೆ. ನೀಲಿ, ಜೇವರ್ಗಿವರೆಗೂ ಗೆರೆ ಹೋಯಿತು. ಕಿತ್ತಳೆಯೂ ಹೋಯಿತು. ಹಸಿರು ಹತ್ತಿರದಲ್ಲೇ ನಿಂತುಬಿಟ್ಟಿತು. ತುಣುಕನ್ನು 10 ನ್ಯಾನೊಸೆಕೆಂಡಿಗೆ ಇಳಿಸಿ ಮತ್ತೆ ನೋಡಿದೆ. 42 ಮೀಟರ್.

‘ಕಾಕಾ, ಅಲ್ಲೂ ಅಗದಾರೇನ್ರಿ?’

‘ಅಲ್ಲಿ ಯಾವ ಜೆಸಿಬಿನೂ ಬಂದಿಲ್ಲಪಾ. ನಾ ಇಲ್ಲೇ ಕುಂತಿದ್ದೆ.’

ಕಾಕಾ ಹೇಳಿದ್ದೂ ನಿಜ. 42 ಮೀಟರ್ ಆಚೆ ಅಗೆದಾಗ ಅಲ್ಲಿ ತನ್ನ ರಕ್ಷಣೆಯ ಪೈಪಿನೊಳಗೆ ಕೇಬಲ್ ಸರಿಯಾಗೇ ಇತ್ತು. ಮೋರಿ ಹತ್ತಿರ ಪೈಪು ತಿರುಗುವ ಜಾಗ ಅದು. ಸಿಪ್ಪೆಗೆ ಒಂದು ಗೀರೂ ಇಲ್ಲ. ಕಾಕಾ ಅದನ್ನು ಕೈಯಲ್ಲಿ ಹಿಡಿದು ನೋಡಿ, ‘ಇದು ಚಲೋನೇ ಅದಲ್ಲ’ ಅಂದರು. ಜೆಸಿಬಿಯ ಹಲ್ಲು ಅಲ್ಲಿ ಸಿಕ್ಕಿಸಿ ಎಳೆದದ್ದು ಇಲ್ಲಿಯ ತಿರುವಿಗೆ ಬಂದು ತಾಗಿತ್ತು. ಪ್ಲಾಸ್ಟಿಕ್ ಜಗ್ಗಿ ವಾಪಸು ಬಂತು, ಗಾಜು ಬರಲಿಲ್ಲ. ಸಿಪ್ಪೆ ಸುಲಿದು ಎಣಿಸಿದೆವು. 24ರಲ್ಲಿ 9 ಕೋರ್ ಒಳಗೇ ಮುರಿದಿದ್ದವು.